ಬೈಂಡರು ಅಂಟಿಸಿದ ಗೋಡೆ

ಬೀದಿಯವರೆಲ್ಲ ಅವರನ್ನು ಬೈಂಡರು ಎಂದೇ ಕರೆಯುತ್ತಿದ್ದರು. ಹೆಂಡತಿ ಮಾತ್ರ ‘ರೀ’ ಎನ್ನುತ್ತಿದ್ದರು. ಆ ಒಂದೇ ಅಕ್ಷರದಲ್ಲಿ ಎಷ್ಟು ಬಗೆಯ ಅರ್ಥಗಳನ್ನು ಹೊರಡಿಸುತ್ತಿದ್ದರೆಂದರೆ ಬೇರೆ ಹೆಸರಿನ ಅಗತ್ಯವೇ ಬೀಳುತ್ತಿರಲಿಲ್ಲ.

ಮೂವತ್ತೈದು ವರ್ಷಗಳಿಂದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವರ ಕಸುಬು. ಹೊಲಿಗೆ ಸೊಟ್ಟಗಾಗಿದೆ ಎಂದರೂ, ರಟ್ಟು ತೆಳುವಾಯಿತು ಎಂದರೂ ನಕ್ಕು ಸುಮ್ಮನಾಗುತ್ತಿದ್ದರು. ಅಂಟಿನ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತುವಂತಿರಲಿಲ್ಲ. ಮೈದಾ, ಮೈಲುತುತ್ತ, ಮರಗೆಲಸದವರು ಬಳಸುವ ಸರೇಸಿನ ಗೋಂದು, ಇವನ್ನು ಯಾವ ಹದಕ್ಕೆ ಕುದಿಸಬೇಕೆಂಬುದನ್ನು ಅವರು ತಮ್ಮ ಗುರುಗಳಿಂದ ಕಲಿತಿದ್ದರು. ಯಾರಿಗೂ ಹೇಳಕೂಡದೆಂದು ಗುರುಗಳ ಅಪ್ಪಣೆಯಾಗಿತ್ತು. “ಕಾಗದ ಹರಿದೀತು, ನನ್ನ ಅಂಟು ಬಿಡೋದಿಲ್ಲ” ಎಂಬ ಮಾತನ್ನು ಕೇಳದೆ ಅವರ ಅಂಗಡಿಯಿಂದ ಹೊರಬಿದ್ದವರಿಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ಅದೇ ಅಂಟನ್ನು ಬಳಿದು ಅವರು ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಹೂವಿನ ಕಾಗದ ಹಚ್ಚಿದ್ದರು. ಒಂದೊಂದು ಹೂವೂ ಊಟದ ತಟ್ಟೆಯಷ್ಟು ದೊಡ್ಡದು, ಕಡುಗೆಂಪು. ಅದರಲ್ಲೂ ಕಿಟಕಿಯ ಪಕ್ಕದ ಎರಡು ಪಟ್ಟಿಗಳೆಂದರೆ ಅವರಿಗೆ ಪ್ರಾಣ. ಒಂದರ ಅರ್ಧ ಹೂವು ಇನ್ನೊಂದರ ಅರ್ಧಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಂಡಿತ್ತು. ಮನೆಗೆ ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲೇ ಆ ಜೋಡಣೆಯನ್ನು ತೋರಿಸುತ್ತಿದ್ದರು.

ಆರು ವರ್ಷಗಳ ಹಿಂದೆ ಅತ್ತೆ ಬಂದು ಆ ಕೋಣೆ ಸೇರಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಈ ವರ್ಷ ಅದನ್ನು ತೆಗೆಸಿ, ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು.

“ಅಳಿಯಂದಿರೇ, ಇದೇನು ಗೋಡೆ ಮೇಲೆ?”

“ಹೂವು, ಅತ್ತೆ.”

“ಹೂವಾ? ಇಷ್ಟು ದಿನ ಗೋಡೆಗೆ ತೇವ ಹತ್ತಿದೆ ಅಂದ್ಕೊಂಡಿದ್ದೆ. ಅಳಿಯನ ಮನೆ, ಹೇಗೆ ಹೇಳೋದು ಅಂತ ಸುಮ್ಮನಿದ್ದೆ. ಅಯ್ಯೋ, ಕಣ್ಣು ಬಿಟ್ರೆ ಮೈಮೇಲೆ ಬಿದ್ದ ಹಾಗಾಗುತ್ತಲ್ಲ!”

ಸೋಮವಾರದಿಂದ ಕೋಣೆಗೆ ಬಿಳಿ ಬಣ್ಣ ಎಂದು ಹೆಂಡತಿಯ ತೀರ್ಪಾಯಿತು. ಬಣ್ಣ ಹೊಡೆಯುವವನು ಬಂದು ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದ. “ಹಳೇ ಕಾಗದ ಅಲ್ವಾ ಅಮ್ಮ? ನೀರು ತೋರಿಸಿದ್ರೆ ಒಂದು ಗಂಟೇಲಿ ತಾನಾಗೇ ಬಿದ್ದುಹೋಗುತ್ತೆ” ಎಂದ.

“ತಾನಾಗೇ?” ಬೈಂಡರಿಗೆ ಎದೆಗೆ ಗುದ್ದಿದಂತಾಯಿತು. “ಅಂಟಿಸಿದ್ದು ಯಾರು ಗೊತ್ತೇನಯ್ಯಾ? ನೀನು ಮುಟ್ಟಬೇಡ. ನಾನೇ ತೆಗೀತೀನಿ.”

ಪಾಪ, ಇಂಥ ಪೇಚಿಗೆ ಯಾರೂ ಸಿಕ್ಕಬಾರದು. ಕಾಗದ ಬಿಡದಿದ್ದರೆ ಮನೆಯಲ್ಲಿ ಉಳಿಗಾಲವಿಲ್ಲ. ಬಿಟ್ಟರೆ ಅಂಗಡಿಯಲ್ಲಿ ಮುಖವೆತ್ತುವಂತಿಲ್ಲ.

ಶನಿವಾರ ಬೆಳಿಗ್ಗೆ ಬಿಸಿನೀರಿನ ಬಕೆಟ್ಟು, ಹಳೆಯ ಬಟ್ಟೆ, ಅಗಲ ಬಾಯಿಯ ಚಾಕು ಹಿಡಿದು ಬಾಗಿಲ ಪಕ್ಕದಿಂದ ಶುರುಮಾಡಿದರು. ನೆನೆಸಿದರು, ಕಾದರು, ಕೆರೆದರು. ಬಂದದ್ದು ಉಗುರಿನಷ್ಟು ಚೂರು. ಮತ್ತೆ ನೆನೆಸಿದರು, ಮತ್ತೊಂದು ಉಗುರು. ಮಧ್ಯಾಹ್ನದ ಹೊತ್ತಿಗೆ ತೆರವಾದ ಗೋಡೆ ಒಂದು ಸ್ಲೇಟಿನಷ್ಟು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಬಾಯಲ್ಲಿ ಹಾಡು ಹೊರಟಿತ್ತು.

“ರೀ, ಕಾಗದ ತೆಗೀರಿ ಅಂದ್ರೆ ಸಂಗೀತ ನಡೀತಿದೆಯಲ್ಲ?”

“ಏನು ಮಾಡ್ಲಿ ಕಣೇ, ಬಿಡ್ತಾನೇ ಇಲ್ಲ!” ಎಂದರು, ಮುಖವರಳಿಸಿ.

ಊಟವಾದ ಮೇಲೆ ಕಿಟಕಿಯ ಬಳಿಗೆ ಬಂದರು. ತಮ್ಮ ಪ್ರಾಣದ ಪಟ್ಟಿಗೆ ಒದ್ದೆ ಬಟ್ಟೆ ಒತ್ತಿ, ಮೂಲೆಯನ್ನು ಚಾಕುವಿನಿಂದ ಮುಟ್ಟಿದರು, ಅಷ್ಟೆ. ಇಡೀ ಪಟ್ಟಿ ಸರ್ರನೆ ಜಾರಿ ಅವರ ತಲೆಯ ಮೇಲೆ ಹೊದಿಕೆಯಂತೆ ಬಿತ್ತು. ಅದರ ಬೆನ್ನಿಗೇ ಪಕ್ಕದ್ದೂ ಬಿತ್ತು.

“ಪರವಾಗಿಲ್ವೇ, ಬೇಗ ಆಯ್ತಲ್ಲ!” ಎಂದು ಮಂಚದ ಮೇಲಿಂದ ಅತ್ತೆ ಸಂತೋಷಪಟ್ಟರು.

ಬೈಂಡರು ಕಾಗದದೊಳಗಿಂದ ಹೊರಬಂದು, ಬಕೆಟ್ಟಿನ ಪಕ್ಕದಲ್ಲಿ ಕುಸಿದು ಕೂತರು. ಇವೇ ಬಿಟ್ಟವೆಂದ ಮೇಲೆ ಇಷ್ಟು ವರ್ಷ ಕಟ್ಟಿಕೊಟ್ಟ ಪುಸ್ತಕಗಳ ಗತಿಯೇನು? ಯಾರ್ಯಾರ ಮನೆಯ ಕಪಾಟುಗಳಲ್ಲೋ ರಟ್ಟುಗಳು ಒಂದೊಂದಾಗಿ ಕಳಚಿಕೊಳ್ಳುತ್ತಿರುವುದು ಕಣ್ಣಿಗೆ ಕಟ್ಟಿತು. ಹೆಂಡತಿ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಅವರು ಲೋಟ ಮುಟ್ಟಲಿಲ್ಲ. ಎರಡನೆಯ ಲೋಟವೂ ಆರಿದಾಗ ಹೆಂಡತಿಗೆ ತಡೆಯಲಾಗಲಿಲ್ಲ.

“ರೀ, ಏಳಿ. ಅದು ನಿಮ್ಮ ಅಂಟಲ್ಲ.”

“ಮತ್ತೆ?”

“ನಂದು. ಅವತ್ತು ಕೆಲಸ ಮುಗಿಸಿ ಬೀದಿಯವರಿಗೆಲ್ಲ ಸಾರಿ ಬರೋಕೆ ಹೋದ್ರಲ್ಲ, ಆಗ ಒಂದೇ ಗಂಟೇಲಿ ಇವೆರಡೂ ಕಳಚಿ ಬಿದ್ವು. ಕೊನೇ ಪಟ್ಟಿಗಳು ನೋಡಿ, ಪಾತ್ರೆ ತಳದಲ್ಲಿ ಉಳಿದ ಅಂಟಿಗೆ ನೀರು ಬೆರೆಸಿ ಬಳಿದಿದ್ರಿ. ನೀವು ಬಂದು ನೋಡಿದ್ರೆ ನಿಮ್ಮ ಮುಖ ಹೇಗಾಗುತ್ತೋ ಅಂತ ಒಂದು ಹಿಡಿ ಮೈದಾ ಕುದಿಸಿ, ಸ್ಟೂಲ್ ಹತ್ತಿ ಹಚ್ಚಿಬಿಟ್ಟೆ.”

“ಆ ಜೋಡಣೆ?”

“ಅದೂ ನಂದೇ.”

ಮೊದಲು ಬೈಂಡರಿಗೆ ಹೋದ ಉಸಿರು ಬಂದಂತಾಯಿತು. ಅಂಗಡಿಯ ಅಂಟಿನ ಮಾನ ಉಳಿಯಿತು! ಆಮೇಲೆ ನಿಧಾನವಾಗಿ ಲೆಕ್ಕ ಹತ್ತಿತು. ತಮ್ಮದು ನಿಂತದ್ದು ಒಂದು ಗಂಟೆ, ಇವಳದು ಇಪ್ಪತ್ತೆರಡು ವರ್ಷ.

“ಅಲ್ಲ ಕಣೇ, ಬಂದೋರಿಗೆಲ್ಲ ನಾನು ತೋರಿಸುವಾಗ ನೀನು ಪಕ್ಕದಲ್ಲೇ ನಿಂತಿರ್ತಿದ್ದೆಯಲ್ಲ!”

“ನಿಂತಿರ್ತಿದ್ದೆ. ಅಷ್ಟು ಬಾಯ್ತುಂಬ ಹೊಗಳ್ತಿದ್ರಲ್ಲ, ಕೇಳೋಕೆ ಚೆನ್ನಾಗಿತ್ತು.” ಹೆಂಡತಿ ಚಾಕುವನ್ನು ಅವರ ಕೈಗಿತ್ತರು. “ನಂದು ಇರು ಅಂದಾಗ ಇತ್ತು, ಬಾ ಅಂದಾಗ ಬಂತು. ನಿಮ್ಮದನ್ನ ನೀವೇ ಕೆರ್ಕೊಳ್ಳಿ.”

ಭಾನುವಾರ ಇಡೀ ದಿನ ಕೆರೆದರು. ಈ ಸಲ ಹಾಡಿರಲಿಲ್ಲ. ಸೋಮವಾರ ಬಂದ ಬಣ್ಣದವನು ಅವರ ಅಂಗೈ ನೋಡಿ, “ಒಂದು ಗಂಟೆ ಸಾಕಾಗ್ಲಿಲ್ವಾ ಸಾರ್?” ಎಂದ.

“ಈ ಮೂರೂ ಮುಕ್ಕಾಲು ಗೋಡೆ ನನ್ನ ಅಂಟು, ಅದಕ್ಕೇ ಎರಡು ದಿನ” ಎಂದರು ಬೈಂಡರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿ, “ಅಲ್ಲಿತ್ತು ನೋಡಯ್ಯ ಜೋಡಣೆ! ಅದು ನಮ್ಮ ಮನೆಯವರದು” ಎಂದರು.

ಮರುವಾರ ಅಂಗಡಿಗೆ ಹೊರಟವರು ಊಟದ ಡಬ್ಬಿಯ ಜೊತೆಗೆ ಒಂದು ಖಾಲಿ ಡಬ್ಬಿಯನ್ನೂ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಇದಕ್ಕೆ ಒಂದು ಹಿಡಿ ಮೈದಾ ಕುದಿಸಿ ಹಾಕ್ತೀಯಾ? ಸುಮ್ಮನೆ, ಒಂದು ಪುಸ್ತಕಕ್ಕೆ ಹಚ್ಚಿ ನೋಡೋಣ ಅಂತ.” ಆಮೇಲೆ ದನಿ ತಗ್ಗಿಸಿದರು. “ಹದ ಹೇಗೆ, ಅದನ್ನೂ ಹೇಳಿಬಿಡು.”

“ಅದು ಮಾತ್ರ ಆಗಲ್ಲ ರೀ. ಯಾರಿಗೂ ಹೇಳಬೇಡ ಅಂತ ನಮ್ಮ ಗುರುಗಳ ಅಪ್ಪಣೆ.”

ಹಿಂದಿನ ಕೋಣೆಯಲ್ಲಿ ಬಿಳಿ ಗೋಡೆಗೆ ಒರಗಿ ಕೂತಿದ್ದ ಗುರುಗಳು ಒಮ್ಮೆ ಕೆಮ್ಮಿದರು.