ಏನೂ ಟೈಪ್ ಮಾಡದಿದ್ದರೆ

ಆದೋನಿಯ ಒಂದು ಹತ್ತಿ ಮಂಡಿಯ ಮಹಡಿಯಲ್ಲಿ ಕೂತು ನಾವಿಬ್ಬರು ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದೆವು. ತೂಕದ ಕಾಟಾಗಳಿಂದ ಬಂದ ಫೈಲುಗಳನ್ನು ಸೇರಿಸಿ ಒಂದೇ ಫೈಲು ಮಾಡುವುದು ಅದರ ಕೆಲಸ. ಒತ್ತಲು ಬಟನ್ನುಗಳಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬೇಕು. ಅದು ಹೇಗೆ ನಡೆಯಬೇಕೆಂದು ಆಜ್ಞೆಯ ಮುಂದೆ ಎರಡು ಅಡ್ಡಗೆರೆ ಹಾಕಿ ಒಂದು ಪದದಲ್ಲಿ ಹೇಳಬೇಕು. ಆ ಪದಗಳು ಯಾವುವು ಎಂಬುದೇ ನಮ್ಮ ಜಗಳ.

ಆಗ ಬೇಸಿಗೆ ಎಂದು ಇಲ್ಲಿ ಮೊದಲು ಬರೆದಿದ್ದೆ, ಅಳಿಸಿದೆ. ಕೀಲಿಮಣೆಯ ಸಂದಿಯಲ್ಲಿ ಅರಳೆ ಸಿಕ್ಕಿಕೊಂಡಿತ್ತು, ಹಾಗಾದರೆ ಹತ್ತಿ ಬರುವ ಚಳಿಗಾಲವೇ ಇರಬೇಕು.

ನನ್ನ ಜೊತೆ ಬರೆಯುತ್ತಿದ್ದವಳು ಪೆದ್ದಹರಿವಾಣದಿಂದ ಬಸ್ಸಿಗೆ ಬರುತ್ತಿದ್ದಳು. ನನಗೆ ಅವಳು ಬೇಕಾಗಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅವಳಿಗೆ ಗೊತ್ತಿದೆ ಎಂದುಕೊಂಡಿದ್ದೆ.

ಅದೇ ಹೆಸರಿನ ಹಳೆಯ ಫೈಲು ಇದ್ದು, ಟೈಪ್ ಮಾಡುವವರು ಏನೂ ಹೇಳದಿದ್ದರೆ? ಹಳೆಯದರ ಮೇಲೆ ಹೊಸದನ್ನು ಬರೆದುಬಿಡಲಿ ಎಂದೆ. ಅವಳು ಒಪ್ಪಲಿಲ್ಲ.

"ಏನೂ ಹೇಳ್ಲಿಲ್ಲಂದ್ರ ಹೂಂ ಅಂದಂಗೇನು? ನಿಂತು ಕೇಳ್ಲಿ."

"ಗುಮಾಸ್ತರಿಗೆ ಪುರುಸೊತ್ತಿಲ್ಲ."

"ಇಲ್ದಿದ್ರ ಕೇಳದಂಗ ಬರಿ ಅನ್ನಾಕ ಫೋರ್ಸ್ ಅಂತ ಪೂರಾ ಟೈಪ್ ಮಾಡ್ಲಿ. ಒಂದಕ್ಷರ ಇಟ್ರ ಬೆರಳು ಜಾರ್ತತಿ."

ಮಂಡಿಯ ಮುದುಕ ಗುಮಾಸ್ತ ಅದನ್ನು ಪರೀಕ್ಷಿಸಿ ನಕ್ಕ. "ಏಮಮ್ಮಾ, ನಿನ್ನ ಮಷೀನು ಹೊಸ ಸೊಸಿ ಇದ್ದಂಗ ಐತಿ. ಉಪ್ಪು ಹಾಕ್ಲೇನು, ಎಷ್ಟು ಹಾಕ್ಲಿ, ಬರೇ ಕೇಳ್ತತಿ."

"ಕೇಳದಂಗ ಹಾಕಿದ್ರ ಉಣ್ಣೋರು ನೀವ ಅಲ್ಲೇನ್ರಿ?"

ಅವಳೇ ಗೆದ್ದಳು.

ಆ ವಾರವೋ ಮುಂದಿನ ವಾರವೋ, ಅವಳು ಬಾರದ ಒಂದು ದಿನ ಅವಳ ದೊಡ್ಡಪ್ಪ ಮಂಡಿಗೆ ಬಂದ. ಕೈಯಲ್ಲಿ ಸಕ್ಕರೆಯ ಪೊಟ್ಟಣ.

"ಪತ್ತಿಕೊಂಡದ ಗಂಡು. ನಿನ್ನೆ ಬಂದು ನೋಡ್ಕೊಂಡು ಹೋದ್ರು. ಬಾಯಿ ಸಿಹಿ ಮಾಡ್ಕೊಳ್ರಿ."

"ಹುಡುಗಿ ಏನಂದ್ಲು?" ಇದನ್ನು ಕೇಳಿದವನು ಗುಮಾಸ್ತನೋ ನಾನೋ, ನೆನೆದಾಗಲೆಲ್ಲ ದನಿ ಬದಲಾಗುತ್ತದೆ.

"ಏನಂತಾಳ? ತಲಿ ಬಗ್ಗಿಸಿ ಸುಮ್ಮನ ಕುಂತಿದ್ಲು. ಹುಡುಗಿ ಸುಮ್ಮನಿದ್ಲಂದ್ರ ಒಪ್ಪಿದಂಗ. ಸಕ್ಕರಿ ಹಂಚಿಬಿಟ್ವಿ."

ನಮ್ಮ ಕಡೆ ಸಕ್ಕರೆ ಹಂಚಿದ ಮೇಲೆ ಮಾತು ಹಿಂದಕ್ಕೆ ಹೋಗುವುದಿಲ್ಲ. ಆದರೂ ಆ ಸಕ್ಕರೆ ಬಾಯಿಗೆ ಹಾಕಿಕೊಂಡಾಗ ನನಗೆ ದುಃಖವಾಗಲಿಲ್ಲ, ಧೈರ್ಯ ಬಂತು. ಒಂದು ಯಂತ್ರಕ್ಕೂ ಮೌನವನ್ನು ಒಪ್ಪಿಗೆಯೆಂದು ತಿಳಿಯಲು ಬಿಡದವಳು ಅವಳು. ಅವಳು ಸುಮ್ಮನಿದ್ದದ್ದು ಒಲ್ಲದ್ದಕ್ಕೆ, ಒಲ್ಲದ್ದು ನನಗಾಗಿ.

ಮರುದಿನ ಅವಳು ಚೀಲ ಇಳಿಸುವ ಮೊದಲೇ ಕೇಳಿದೆ, "ನಿನ್ನ ಕೇಳಿದ್ರೇನು ಅವರು?"

"ಇಲ್ಲ."

"ನಾ ಕೇಳ್ತೀನಿ. ಒಲ್ಲೆ ಅನ್ನು, ಈಗಲೇ ನಿಮ್ಮ ದೊಡ್ಡಪ್ಪನ ಹತ್ರ ಬರ್ತೀನಿ. ನಾ ಮಾಡ್ಕೊಂತೀನಿ ನಿನ್ನ."

ಅವಳು ನನ್ನನ್ನೇ ನೋಡುತ್ತ ನಿಂತಳು. ಕರುಣೆಯಿಂದ ನೋಡಿದಳು ಎಂದು ನೆನಪು ಹೇಳುತ್ತದೆ. ಅದು ನಾನು ಆಮೇಲೆ ಸೇರಿಸಿದ್ದಿರಬಹುದು. ಮಾತು ಮಾತ್ರ ಅವಳದೇ.

"ಒಲ್ಲೆ ಅಂತ ಯಾಕನ್ಲಿ? ಆತ ನನಗ ಮನಸಿಗೆ ಬಂದಾನ. ಅವರು ಕೇಳಿದ್ರೂ ಅದನ್ನ ಹೇಳ್ತಿದ್ದೆ." ಚೀಲ ಇಳಿಸಿ, "ನಾ ಒಲ್ಲೆ ಅಂತ ನಿನಗ ಯಾರು ಹೇಳಿದ್ರು?" ಎಂದಳು.

ಯಾರೂ ಹೇಳಿರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಬಳಸುವವರಿಗೆ ಓದಲು ಸಹಾಯದ ಪುಟ ಇನ್ನೂ ಉಳಿದಿದೆ ಎಂದಳು. ಅವಳು ಹೇಳುತ್ತ ಹೋದಳು, ನಾನು ಟೈಪ್ ಮಾಡಿದೆ. ಅಕ್ಷರಗಳು ಕದಡಿದಾಗ ಪರದೆಯ ಬೆಳಕು ಹೆಚ್ಚಿಸಿದೆ. ಬೆಳಕು ಸಾಕಷ್ಟಿತ್ತು. ಅವಳು ಮಾತು ನಿಲ್ಲಿಸಿ, ಕಿಟಕಿಯ ಕಡೆ ಮುಖ ತಿರುಗಿಸಿ, ನಾನು ಕಣ್ಣೊರೆಸಿಕೊಳ್ಳುವವರೆಗೆ ಕಾದಳು.