ಎಡಕ್ಕೆ ಬೆಳಕು, ಬಲಕ್ಕೆ ಸೀಟಿ

ಮೇಡಂ ಅವರ ಬಲಗೈಯ ಎರಡು ಬೆರಳುಗಳು ಏಡಿಯ ಇಕ್ಕುಳದ ಹಾಗೆ ಸದಾ ಅರೆತೆರೆದೇ ಇರುತ್ತಿದ್ದವು. ಬೆಳಗ್ಗೆ ಆಫೀಸಿನ ಬಾಗಿಲಲ್ಲಿ ನನ್ನ ನಮಸ್ಕಾರ ಮುಗಿಯುವ ಮೊದಲೇ ಆ ಇಕ್ಕುಳ ನನ್ನ ಕೋಟಿನ ಎಡಜೇಬಿಗೆ ಇಳಿಯುತ್ತಿತ್ತು. ಬೆರಳುದ್ದದ ಟಾರ್ಚನ್ನು ಎತ್ತಿ, ಒತ್ತಿ, ಬೆಳಕನ್ನು ನನ್ನ ಕಣ್ಣಿಗೇ ಬಿಟ್ಟು, ಮತ್ತೆ ಜೇಬಿಗೆ ಜಾರಿಸುತ್ತಿದ್ದರು. ಉಗುರು ತಣ್ಣಗಿರುತ್ತಿತ್ತು. ಆ ಚಳಿ ಇವತ್ತಿಗೂ ನನ್ನ ಪಕ್ಕೆಯಲ್ಲಿದೆ.

ನಾನು ಅವರನ್ನು ಇಷ್ಟಪಡುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸತ್ತವರ ಬಗ್ಗೆ ಬರೆಯುವಾಗ ಕೈ ತಾನಾಗಿಯೇ ಬೆಲ್ಲದ ಡಬ್ಬಿಗೆ ಹೋಗುತ್ತದೆ, ನಾನು ಹೋಗಗೊಡುವುದಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಶಾಲೆಯಿಂದಲೂ ಇದೆ. ಆ ಕೆಲಸಕ್ಕೆ ಸೇರಿದ ದಿನದಿಂದ ಅದರಲ್ಲಿ ಎರಡು ಸಾಲು ಮೀಸಲಿಟ್ಟಿದ್ದೆ: ಮೇಡಂ ಬೈದರೆ ಒಂದು ಗೆರೆ, ಮೆಚ್ಚಿದರೆ ಒಂದು ಚುಕ್ಕೆ. ಗೆರೆಗಳು ಐದೈದರ ಕಟ್ಟುಗಳಾಗಿ ಪುಟದ ಅಂಚು ದಾಟಿದವು. ಚುಕ್ಕೆಯ ಸಾಲಿನಲ್ಲಿ ಒಮ್ಮೆ ಕಾಫಿಯ ಹನಿ ಬಿದ್ದಿತ್ತು, ಅಷ್ಟೆ.

ನಮ್ಮದು ಮಡಿಕೇರಿಯಲ್ಲಿರುವ ಕಾಫಿ ರಫ್ತಿನ ಸಣ್ಣ ಆಫೀಸು. ಹೊರಗಿನಿಂದ ಬರುವ ಖರೀದಿದಾರರನ್ನು ಎಸ್ಟೇಟುಗಳಿಗೆ ಕರೆದೊಯ್ದು, ಬೀಜ ತೋರಿಸಿ, ರುಚಿ ನೋಡಿಸಿ, ವ್ಯಾಪಾರ ಕುದುರಿಸುವುದು ನಮ್ಮ ಕೆಲಸ. ಮೇಡಂ ಅದರ ಮುಖ್ಯಸ್ಥೆ, ಬಾಳೆಲೆ ಕಡೆಯ ಕೊಡವರ ಮನೆಯವರು. ಮಳೆ ಇರಲಿ, ಕೆಸರಿರಲಿ, ಎಲ್ಲರೂ ಬೂದು ಕೋಟು ತೊಡಬೇಕು. ಕೋಟಿನೊಳಗೆ ನಾಲ್ಕು ವಸ್ತು ಇರಬೇಕು. ಹೊರಗೆ ಎಡಕ್ಕೆ ಟಾರ್ಚು, ಬಲಕ್ಕೆ ಸೀಟಿ. ಒಳಗೆ ಎಡಕ್ಕೆ ಮಡಚುವ ಚಾಕು, ಬಲಕ್ಕೆ ಚಪ್ಪಟೆಯಾಗಿ ಸುತ್ತಿದ ಗಾಯದ ಪಟ್ಟಿ. ಅವು ಇವೆ ಎಂದು ನೋಡುವವರಿಗೆ ಗೊತ್ತಾಗಲೇಬಾರದು.

"ಜೇಬು ಉಬ್ಬಿದ್ರೆ ಗಿರಾಕಿ ಹೆದರ್ತಾನೆ. ಇವರ ಜಾಗದಲ್ಲಿ ಎಂತದೋ ಅಪಾಯ ಉಂಟು ಅಂತ ಅವನಿಗೆ ಅನ್ನಿಸಿದ್ರೆ ಕಾಫಿ ಕಹಿ ಆಗ್ತದೆ," ಎನ್ನುತ್ತಿದ್ದರು.

ಹೆಂಗಸರ ಕೋಟಿನ ಜೇಬಿಗೆ ಬಾಯಿ ಇರುತ್ತದೆ, ಹೊಟ್ಟೆ ಇರುವುದಿಲ್ಲ. ನನ್ನನ್ನು ಮಾರ್ಕೆಟ್ಟಿನ ಟೈಲರ್ ಬಳಿ ಕರೆದೊಯ್ದು, ಹೊಲಿದು ಮುಚ್ಚಿದ್ದ ಜೇಬುಗಳನ್ನು ಬಿಚ್ಚಿಸಿ ಒಳಗೆ ಚೀಲ ಕೂರಿಸಿದ್ದೂ ಅವರೇ. ಕೂಲಿ ನನ್ನ ಸಂಬಳದಲ್ಲಿ ಕಳೆದರು.

ಒಮ್ಮೆ ನಾನು ಟಾರ್ಚನ್ನು ಬಲಜೇಬಿನಲ್ಲಿ ಇಟ್ಟಿದ್ದೆ. ಅವರ ಬೆರಳು ಎಡಜೇಬಿನಲ್ಲಿ ತಡಕಾಡಿ ಬರಿದಾಗಿ ಬಂತು.

"ಉಟ್ಟು ಮೇಡಂ, ಈ ಬದಿಲಿ ಉಟ್ಟು," ಎಂದೆ. ನಾನು ಕರಿಕೆಯ ಗೌಡರ ಹುಡುಗಿ. ಗಾಬರಿಯಾದರೆ ಮನೆಯ ಅರೆಭಾಷೆ ಬಾಯಿಗೆ ಬರುತ್ತದೆ. 'ಇದೆ' ಎನ್ನುವುದಕ್ಕೆ ನಾವು 'ಉಟ್ಟು' ಎನ್ನುತ್ತೇವೆ.

"ಈ ಉಟ್ಟು ಗಿಟ್ಟು ನಿನ್ನ ಅಡಿಗೆಮನೇಲಿ ಇಟ್ಕೋ," ಎಂದರು, ಇಡೀ ಆಫೀಸು ಕೇಳುವಂತೆ. "ಎಡ ಅಂದ್ರೆ ಎಡ. ನಿಂದು ಬೇರೆ, ನಂದು ಬೇರೆ ಇಲ್ಲ. ಎಲ್ಲರದ್ದೂ ಒಂದೇ ಕಡೆ."

"ನನ್ನ ಜೇಬು, ನನಗೆ ಗೊತ್ತಿದ್ರೆ ಸಾಕಲ್ವಾ ಮೇಡಂ?"

"ಸಾಲ್ದು."

ಕಾರಣ ಹೇಳಲಿಲ್ಲ. ಕಾರಣ ಹೇಳುವುದು ಅವರಿಗೆ ಮರ್ಯಾದೆ ಕಡಿಮೆಯ ಕೆಲಸ. ನಮ್ಮ ಡ್ರೈವರ್ ಇಕ್ಕ ಧೈರ್ಯ ಮಾಡಿ, "ಮೇಡಂ, ನಿಮ್ಮವ್ರು ಮದುವೇಲಿ ಸೊಂಟಕ್ಕೆ ಪೀಚೆಕತ್ತಿ ಸಿಗಿಸ್ತಾರಲ್ಲ, ಹಾಗೆ ಹೊರಗೇ ಕಾಣುವಂಗೆ ಇಟ್ರೆ ಸುಲಭ ಅಲ್ವಾ?" ಎಂದು ನಗಿಸಲು ನೋಡಿದ.

"ಆ ಕತ್ತಿಯಲ್ಲಿ ಯಾರಾದ್ರೂ ಒಂದು ಬಾಳೆಹಣ್ಣು ಕೊಯ್ದದ್ದು ನೋಡಿದ್ದೀಯಾ? ಕಾಣುವಂತದ್ದು ಫೋಟೋಕ್ಕೆ. ಕಾಣದೇ ಇರುವಂತದ್ದು ಕೆಲಸಕ್ಕೆ," ಎಂದರು. ಇಕ್ಕನ ನಗು ಅವನ ಬಾಯಲ್ಲೇ ಉಳಿಯಿತು.

ಸೀಟಿಯ ವಿಷಯಕ್ಕೆ ಮಾತ್ರ ಒಮ್ಮೆ ಕಾರಣ ಹೇಳಿದ್ದರು, ಅದೂ ಬೈಗುಳದ ಜೊತೆಗೆ. "ಕಾಡಂಚಲ್ಲಿ ನೀನು 'ಅಯ್ಯೋ' ಅಂತ ಕೂಗಿದ್ರೆ ಯಾರು ಬರ್ತಾರೆ, ಪೆದ್ದಿ? ಆನೆ ಓಡಿಸ್ತಾ ಇದ್ದಾರೆ ಅಂತ ಇದ್ದವರೂ ಬಾಗಿಲು ಹಾಕ್ಕೊಳ್ತಾರೆ. ಮೂರು ಊದು, ನಿಲ್ಲಿಸು. ಮತ್ತೆ ಮೂರು."

ಜೂನ್ ತಿಂಗಳ ಒಂದು ಶುಕ್ರವಾರ ಮುಂಬೈಯ ಖರೀದಿದಾರರೊಬ್ಬರು ಬಂದರು. ಭಾಗಮಂಡಲದ ಆಚೆ, ಕರಿಕೆ ರಸ್ತೆಯ ಎಸ್ಟೇಟಿಗೆ ಹೋಗುವುದಿತ್ತು. ಹೊರಡುವ ಮೊದಲು ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಿಂದಿನ ದಿನ ಒದ್ದೆಯಾಗಿದ್ದ ಪಟ್ಟಿಯನ್ನು ಒಣಗಿಸಿ ದಪ್ಪಗೆ ಸುತ್ತಿದ್ದೆ, ಕೋಟಿನ ಬಲ ಎದೆ ಉಬ್ಬಿತ್ತು. ಅತಿಥಿಯ ಎದುರಿಗೇ ನನ್ನ ನಾಲ್ಕೂ ಜೇಬು ಬರಿದು ಮಾಡಿ, ವಸ್ತುಗಳನ್ನೆಲ್ಲ ತಮ್ಮ ಮೇಜಿನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ನೀಟಾಗಿ ಇಟ್ಕೊಳ್ಳೋಕೆ ಬಾರದವಳಿಗೆ ಬೇಡವೇ ಬೇಡ. ಸೋಮವಾರದಿಂದ ಕುಶಾಲನಗರದ ಗೋಡೌನಿಗೆ ಹೋಗು. ಚೀಲಗಳಿಗೆ ಉಬ್ಬಿದ್ರೂ ನಡೀತದೆ."

ಅತಿಥಿ ಕಿಟಕಿಯ ಕಡೆ ತಿರುಗಿ ನಿಂತರು. ನನಗೆ ಅಲ್ಲೇ ನೆಲ ಬಿರಿಯಬಾರದೇ ಎನ್ನಿಸಿತು.

ಹಿಂದಿರುಗುವಾಗ ಇನ್ನೂ ಸಂಜೆಯೂ ಆಗಿರಲಿಲ್ಲ, ಆದರೆ ಮಂಜು ಕವಿದು ಕಾಡಿನ ರಸ್ತೆ ಕತ್ತಲಾಗಿತ್ತು. ಮುಂದೆ ಇಕ್ಕನ ಪಕ್ಕ ಮೇಡಂ, ಅವರ ಹಿಂದೆ ನಾನು, ನನ್ನ ಬದಿಗೆ ಅತಿಥಿ. ತಿರುವಿನಲ್ಲಿ ಅಂಚಿನ ಮಣ್ಣು ಕುಸಿದು ಕಾರು ಎಡಕ್ಕೆ ವಾಲಿತು, ಇಳಿಜಾರಿನಲ್ಲಿ ಜಾರಿ ಒಂದು ಮರಕ್ಕೆ ತಗುಲಿ ನಿಂತಿತು. ಕೆಳಗೆ ಹೊಳೆಯ ಸದ್ದು.

"ಪಡಚೋನೇ," ಎಂದು ಇಕ್ಕ ನೋವಿಗೆ ದೇವರನ್ನು ಕೂಗಿದ. ಅವನ ಭುಜ ಜಾರಿತ್ತು, ಕೈ ಎತ್ತಲಾಗುತ್ತಿರಲಿಲ್ಲ. ಮೇಡಂ ಕಡೆಯ ಬಾಗಿಲು ಒಳಕ್ಕೆ ಬಾಗಿತ್ತು. ಗಾಜು ಅವರ ಎಡ ಮುಂಗೈಯನ್ನು ಉದ್ದಕ್ಕೆ ಸೀಳಿತ್ತು. ಸೀಟು ಬೆಲ್ಟು ಸಿಕ್ಕಿಕೊಂಡು ಬಿಚ್ಚುತ್ತಿರಲಿಲ್ಲ. ಮರ ಎಷ್ಟು ಹೊತ್ತು ತಡೆಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ.

ನನ್ನ ಕೈ ನನ್ನ ಜೇಬಿಗೆ ಹೋಯಿತು. ಖಾಲಿ. ನಾಲ್ಕೂ ಖಾಲಿ.

ಆಮೇಲೆ ಅದೇ ಕೈ ಸೀಟಿನ ಮೇಲಿಂದ ಬಾಗಿ ಅವರ ಕೋಟಿಗೆ ಇಳಿಯಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಕಾಣುವ ಅಗತ್ಯವೂ ಇರಲಿಲ್ಲ. ಹೊರಗೆ ಎಡಕ್ಕೆ ಟಾರ್ಚು, ಹಲ್ಲಿನಲ್ಲಿ ಕಚ್ಚಿದೆ. ಒಳಗೆ ಬಲಕ್ಕೆ ಪಟ್ಟಿ, ಅವರ ಕೈಗೆ ಬಿಗಿದೆ. ಹೊರಗೆ ಬಲಕ್ಕೆ ಸೀಟಿ, ಅತಿಥಿಯ ಕೈಗೆ ತುರುಕಿ, ಟಾರ್ಚನ್ನು ಒಂದು ಗಳಿಗೆ ಬಾಯಿಂದ ತೆಗೆದು, "ಮೂರು ಊದಿ, ನಿಲ್ಲಿಸಿ, ಮತ್ತೆ ಮೂರು," ಎಂದೆ. ಒಳಗೆ ಎಡಕ್ಕೆ ಚಾಕು, ಬೆಲ್ಟಿಗೆ ಹಾಕಿದೆ.

"ಹಾಗಲ್ಲ, ಓರೆ ಹಿಡಿ. ಬದನೆಕಾಯಿ ಹೆಚ್ತಿದ್ದೀಯಾ?" ಎಂದರು ಮೇಡಂ. ಮುಖ ಸುಣ್ಣದಂತಾಗಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ. ಪಟ್ಟಿ ಕೆಂಪಾಗುತ್ತಾ ಬಂತು. ಅದರ ಮೇಲೆ ನನ್ನ ಅಂಗೈ ಒತ್ತಿ ಹಿಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು, "ನಿನ್ನ ಜೇಬು ನಿನಗೆ ಅಂತ ತಿಳ್ಕೊಂಡಿದ್ಯಾ ಇಷ್ಟು ದಿನ?"

ನಾನು ಟಾರ್ಚು ಕಚ್ಚಿಕೊಂಡೇ ಇನ್ನೊಂದು ಕೈಯಲ್ಲಿ ಚಾಕನ್ನು ಓರೆ ಮಾಡಿದೆ.

ಬೆಲ್ಟು ಕಡಿದು, ಅತಿಥಿ ಮತ್ತು ನಾನು ಸೇರಿ ಅವರನ್ನು ಮೇಲಿನ ಬಾಗಿಲಿನಿಂದ ಎಳೆದೆವು. ಇಕ್ಕ ತೆವಳಿ ಬಂದ. ರಸ್ತೆಯಲ್ಲಿ ಕೂತು ಸೀಟಿ ಊದಿಯೇ ಊದಿದೆವು. ಎಸ್ಟೇಟಿನ ಕೆಲಸಗಾರರ ಲೈನುಮನೆಗಳಿಂದ ನಾಲ್ಕು ಜನ ಕಂಬಳಿ ಹೊದ್ದು ಓಡಿ ಬಂದರು. "ಮೊದಲು ಕೂಗಿದ್ದು ಕೇಳ್ತು, ಆನೆ ಅಂದ್ಕೊಂಡು ಒಳಗೇ ಇದ್ದೆವು," ಎಂದ ಒಬ್ಬ. ಕೂಗಿದ್ದು ಇಕ್ಕ, ನೋವಿಗೆ. ಜೀಪು ಬಂತು, ಆಸ್ಪತ್ರೆಗೆ ಸೇರಿಸಿದೆವು. ಇನ್ನೂ ತಡವಾಗಿದ್ದರೆ ಇವರು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಸೋಮವಾರ ನಾನು ಎಂದಿನಂತೆ ಮಡಿಕೇರಿಯ ಆಫೀಸಿಗೆ ಹೋದೆ. ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು.

"ಗೋಡೌನಿಗೆ ಯಾಕೆ ಹೋಗಿಲ್ಲ?"

"ಮೇಡಂ, ಶುಕ್ರವಾರ..."

"ಶುಕ್ರವಾರ ನನ್ನ ಜೇಬು ಸರಿಯಿತ್ತು. ನಿಂದು ಉಬ್ಬಿತ್ತು."

ಒಂದು ಇಡೀ ಮಳೆಗಾಲ ನಾನು ಗೋಡೌನಿನಲ್ಲಿ ಚೀಲಗಳ ನಡುವೆ ಕಳೆದೆ. ಅದನ್ನು ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ನನ್ನ ವಸ್ತುಗಳನ್ನು ಡ್ರಾಯರಿನಿಂದ ತೆಗೆದು ಇಕ್ಕನ ಕೈಯಲ್ಲಿ ಕಳಿಸಿದ್ದರು. ಪಟ್ಟಿಯನ್ನು ತೆಳ್ಳಗೆ, ಕಾಗದದ ಹಾಗೆ ಮಡಚಿದ್ದರು. ಎಡಗೈ ಇನ್ನೂ ಕಟ್ಟಿನಲ್ಲಿತ್ತಂತೆ, ಒಂದೇ ಕೈಯಲ್ಲಿ ಮಡಚಿದರಂತೆ. ಅದಕ್ಕೆ ದಿನಚರಿಯಲ್ಲಿ ಚುಕ್ಕೆ ಇಡಲೇ ಎಂದು ಯೋಚಿಸಿ, ಇಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ಹೋದರು. ಬೇರೇನೋ ಕಾಯಿಲೆ, ಕೋಟಿನಲ್ಲಿ ಅದಕ್ಕೆ ಜೇಬಿರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಬಾಳೆಲೆಯ ಮನೆಗೆ ಹೋದೆ. ಅವರ ತಂಗಿ ಬಾಗಿಲ ಹಿಂದೆ ತೂಗುಹಾಕಿದ್ದ ಬೂದು ಕೋಟನ್ನು ಕೈಯಲ್ಲಿ ತೂಗಿ ನೋಡುತ್ತಿದ್ದರು.

"ಯಾರಿಗಾದ್ರೂ ಕೊಡುವ ಅಂತ. ಎಂತ ಭಾರ ಇದು! ಒಳಗೆ ಏನಾದ್ರೂ ಉಂಟಾ?"

ಜೊತೆಗೆ ಬೆಳೆದ ತಂಗಿಗೂ ಗೊತ್ತಿರಲಿಲ್ಲ. ನಾನು ಎರಡು ಬೆರಳು ಇಳಿಸಿ ಒಂದೊಂದನ್ನೇ ತೆಗೆದು ತೋರಿಸಿದೆ. ಚಾಕು ಹರಿತವಾಗಿತ್ತು. ಪಟ್ಟಿ ಹೊಸದು. ಟಾರ್ಚು ಒತ್ತಿದೆ, ಗೋಡೆಯ ತುಂಬ ಬೆಳಕು ಬಿತ್ತು. ಹಾಸಿಗೆ ಹಿಡಿದ ಮೇಲೂ ಯಾವಾಗಲೋ ಎದ್ದು ಸೆಲ್ಲು ಬದಲಿಸಿದ್ದರು.

"ಎಲ್ಲ ತೆಗೆದಿಡ್ಲಾ?" ಎಂದರು ತಂಗಿ.

"ಬೇಡ ಅಕ್ಕ. ಯಾರಿಗೆ ಕೊಟ್ಟರೂ ಹೀಗೇ ಕೊಡಿ. ಯಾವುದು ಎಲ್ಲಿದೆ ಅಂತ ಅವರ ಮನೆಯವರಿಗೂ ಹೇಳಿ."

ಅಳು ಬರಲಿಲ್ಲ. ಬಸ್ಸಿಗೆ ಕಾಯುತ್ತಾ ನಿಂತಾಗ ನನ್ನ ಎಡಜೇಬಿನಿಂದ ಟಾರ್ಚು ತೆಗೆದು ಒತ್ತಿದೆ. ಹತ್ತಲಿಲ್ಲ. ಮತ್ತೆ ಒತ್ತಿದೆ, ಅಂಗೈಗೆ ಬಡಿದು ಒತ್ತಿದೆ. ಇಲ್ಲ.

ಮನೆಗೆ ಬಂದು ದಿನಚರಿ ತೆರೆದು, ಅಂದಿನ ತಾರೀಕಿನ ಕೆಳಗೆ, ಮೇಡಂ ಬೈದ ಸಾಲಿನಲ್ಲಿ ಇನ್ನೊಂದು ಗೆರೆ ಎಳೆದೆ.