ಬದುವಿನ ಈಚೆಗಿನ ಓಟು

ಗೆಳೆಯರೇ, ಇಂದು ನಮ್ಮ ಅಕ್ಕನ ಹೊಲದಲ್ಲಿ ಪ್ರಜಾಪ್ರಭುತ್ವ ಒಂದು ಫರ್ಲಾಂಗು ದಾರಿ ತಪ್ಪಿತು.

ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ದಾರಿಯಲ್ಲಿರುವ ಆ ಹೊಲದ ಬದುವೇ ಎರಡು ವಿಧಾನಸಭಾ ಕ್ಷೇತ್ರಗಳ ಗಡಿ. ಕರೆಂಟಿನ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಒಂಬತ್ತು ದಿನವಾಗಿತ್ತು. ಪಂಪು ಓಡದೆ ಕಬ್ಬು ಬಾಡುತ್ತಿತ್ತು. ಬೆಳಿಗ್ಗೆ ಜಮಖಂಡಿ ಕ್ಷೇತ್ರದ ಅಭ್ಯರ್ಥಿ ಹಲಗೆ ಬಾರಿಸಿಕೊಂಡು ಬಂದವರೇ ಅಕ್ಕನ ಕಾಲಿಗೆ ಬಿದ್ದರು.

"ಆಶೀರ್ವಾದ ಮಾಡ್ರಿ ಅಕ್ಕಾರ."

"ಮಾಡೂಣಂತ. ಮೊದ್ಲ ಟೀಸಿ ಕುಂದರಸ್ರಿ."

ಅವರು ನಿಂತಲ್ಲೇ ಫೋನು ಮಾಡಿದರು. ಮಧ್ಯಾಹ್ನ ಹೊಸ ಟೀಸಿ ಹೊತ್ತು ಲಾರಿಯೇ ಬಂತು. ನೀರು ಸಾಲಿಗೆ ಹರಿಯುತ್ತಿದ್ದಂತೆ ಅಭ್ಯರ್ಥಿ ಫೋಟೋ ತೆಗೆಸಿಕೊಳ್ಳಲು ಮತ್ತೆ ಬಂದರು. ಜೊತೆಗಿದ್ದ ಬೂತ್ ಏಜೆಂಟರು ಮತದಾರರ ಪಟ್ಟಿಯನ್ನು ಮೂರು ಸಲ ತಿರುವಿ ಹಾಕಿದರು.

"ಅಕ್ಕಾರ, ನಿಮ್ಮ ಹೆಸರ ಇಲ್ಲಲ್ರಿ!"

"ಹೆಂಗ ಇರ್ತೈತಿ? ಬದುವಿನ ಆಚಿ ಕಡಿ ನಿಮ್ದು. ನಮ್ಮ ಓಟು ತೇರದಾಳಕ್ಕ."

"ಮೊದ್ಲ ಹೇಳಬಾರ್ದೇನ್ರಿ?"

"ನೀವು ಎಲ್ಲಿ ಕೇಳಿದ್ರಿ? ಸೀದಾ ಕಾಲಿಗೆ ಬಿದ್ರಿ."

ನಾನು ಕಬ್ಬಿನ ಮರೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಷ್ಟು ನಕ್ಕು ಎಷ್ಟು ವರ್ಷವಾಯಿತೋ.

ಸಂಜೆ ತೇರದಾಳ ಕ್ಷೇತ್ರದ ಅಭ್ಯರ್ಥಿ ಬಂದರು. ಹೊಳೆಯುವ ಟೀಸಿ ಕಂಡು ಅವರ ಮುಖ ಸಪ್ಪಗಾಯಿತು.

"ನಮ್ಮಿಂದ ಇನ್ನೇನರ ಆಗೂದೈತೇನ್ರಿ, ಅಕ್ಕಾರ?"

"ಐತ್ರಿ. ಬದುವಿನ ಆಚಿ ಕಡಿ ನಮ್ಮ ನೆಗೆಣ್ಣಿ ಹೊಲಕ್ಕ ದಾರೀನ ಇಲ್ಲ."

ಅವರು ಮುತುವರ್ಜಿಯಿಂದ ಬರೆದುಕೊಂಡರು. ನೆಗೆಣ್ಣಿಯ, ಅಂದರೆ ಅಕ್ಕನ ಓರಗಿತ್ತಿಯ, ಓಟು ಯಾವ ಕ್ಷೇತ್ರಕ್ಕೆ ಎಂದು ಅವರೂ ಕೇಳಲಿಲ್ಲ.